ಕಾರ್ಗೋದಲ್ಲಿ ಹೋಗದ ಪುಸ್ತಕ

ಮನೆ ಬದಲಿಸುವ ಗಡಿಬಿಡಿಯಲ್ಲಿ ಅಡುಗೆಮನೆಯ ಮೇಲಿನ ಕಪಾಟು ಖಾಲಿ ಮಾಡುತ್ತಿದ್ದೆ. ಖಾಲಿ ಅಕ್ಕಿಚೀಲಗಳ ಹಿಂದೆ ಒಂದು ಪ್ಲಾಸ್ಟಿಕ್ ಕಟ್ಟು ಕೈಗೆ ಸಿಕ್ಕಿತು. ಬಿಚ್ಚಿದ ಕೂಡಲೇ ಮೂಗಿಗೆ ಬಡಿದದ್ದು ಹಳೆ ಕಾಗದದ ಮುಗ್ಗಲು ವಾಸನೆ, ಅದರೊಳಗೆ ಸಣ್ಣಗೆ ಏಲಕ್ಕಿಯದ್ದು... ರಟ್ಟು ಹರಿದು, ಮೊದಲ ಏಳೆಂಟು ಹಾಳೆಗಳೇ ಹೋಗಿದ್ದ ಇಂಗ್ಲಿಷ್ ಪುಸ್ತಕ. ಅದನ್ನು ಅಲ್ಲಿ ಇಟ್ಟವಳು ನಾನೇ. ಎಂಟು ವರ್ಷ ಆ ಮೂಲೆಗೆ ಕೈ ಹಾಕದ ಹಾಗೆ ನೋಡಿಕೊಂಡವಳೂ ನಾನೇ.

ಪುಸ್ತಕ ನಮ್ಮ ಮೇಲಿನ ಮಹಡಿಯಲ್ಲಿದ್ದ ಟೀಚರ್ ಅವರದ್ದು. ಗಲ್ಫಿನ ಈ ಊರಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಆ ಕಟ್ಟಡದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅವರಿಗಿಂತ ಹಿರಿಯರೂ ಟೀಚರ್ ಎಂದೇ ಕರೆಯುತ್ತಿದ್ದರು. ಉಡುಪಿ ಕಡೆಯವರು, ಇಲ್ಲಿಯ ಒಂದು ಇಂಡಿಯನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಊಟವಾದ ಮೇಲೆ ಏಲಕ್ಕಿ ಜಗಿಯುವ ಅಭ್ಯಾಸ, ಸಿಪ್ಪೆಯನ್ನು ಎಸೆಯದೆ ಓದುತ್ತಿದ್ದ ಪುಟದ ನಡುವೆ ಇಡುವ ಅಭ್ಯಾಸ.

ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಗಂಡಸರು ಮುಸುಕು ಹಾಕಿ ಮಲಗಿರುವಾಗ ನಾವು ಮೂರು ನಾಲ್ಕು ಹೆಂಗಸರು ಅವರ ಮನೆಯಲ್ಲಿ ಸೇರುತ್ತಿದ್ದೆವು. ಸೊಪ್ಪು ಬಿಡಿಸುತ್ತ, ಬೀನ್ಸ್ ಮುರಿಯುತ್ತ ಕಥೆ ಕೇಳುವುದು. ಅಮೆರಿಕದ ಸಣ್ಣಕಥೆಗಳೆಂದರೆ ಟೀಚರಿಗೆ ಪ್ರಾಣ. ಬರೆದವರನ್ನೆಲ್ಲ ಸೋದರಮಾವ, ಚಿಕ್ಕಮ್ಮ ಎನ್ನುವಷ್ಟು ಸಲಿಗೆಯಿಂದ ನೆನೆಯುತ್ತಿದ್ದರು. ಒಬ್ಬ ಪತ್ರಿಕೆಯಲ್ಲಿ ದುಡಿದವನು, ಒಬ್ಬ ಕುಡಿದು ಕುಡಿದು ಹಾಳಾದವನು, ಒಬ್ಬಳು ಮಕ್ಕಳು ಮಲಗಿದ ಮೇಲೆ ಊಟದ ಮೇಜಿನಲ್ಲೇ ಬರೆದವಳು... ಹೆಸರುಗಳು ನನಗೆ ಒಂದೂ ನೆನಪಿಲ್ಲ. ಆ ಕಥೆಗಳಲ್ಲಿ ರಾಜರೂ ಇರಲಿಲ್ಲ, ದೇವರೂ ಇರಲಿಲ್ಲ. ಗ್ಯಾರೇಜಿನವನು, ಹೋಟೆಲಿನಲ್ಲಿ ಪ್ಲೇಟು ಎತ್ತುವವಳು, ಕೆಲಸ ಕಳೆದುಕೊಂಡದ್ದನ್ನು ಹೆಂಡತಿಗೆ ಹೇಳದವನು, ಇಂಥವರೇ ಇರುತ್ತಿದ್ದರು.

ಅಮೆರಿಕದ ಹೆಸರುಗಳು ನಮ್ಮ ತಲೆಗೆ ಹತ್ತುವುದಿಲ್ಲವೆಂದು ಟೀಚರ್ ಊರು, ಹೆಸರು, ತಿಂಡಿ ಎಲ್ಲವನ್ನೂ ಬದಲಿಸಿ ಹೇಳುತ್ತಿದ್ದರು. ಪುಸ್ತಕದಲ್ಲಿ 'ನಾನು' ಎಂದಿದ್ದರೆ ಅವರ ಬಾಯಲ್ಲೂ 'ನಾನು'. ಹಾಗಾಗಿ ಶುರುವಿನಲ್ಲೇ, "ಇದು ನನ್ನದಲ್ಲ, ಪುಸ್ತಕದ್ದು ಆಯ್ತಾ?" ಎಂದು ಎಚ್ಚರಿಸಿಬಿಡುತ್ತಿದ್ದರು.

ಕಥೆ ಮುಗಿಯುತ್ತಿದ್ದ ರೀತಿ ಮಾತ್ರ ನಮಗೆ ಯಾರಿಗೂ ಸಮಾಧಾನವಿರಲಿಲ್ಲ. ನಮ್ಮ ಜೊತೆಯಲ್ಲಿದ್ದ ಬಾಗಲಕೋಟೆಯ ಅಕ್ಕ ಸೊಪ್ಪಿನ ಕಟ್ಟು ಕೆಳಗಿಟ್ಟು ಕೇಳುತ್ತಿದ್ದರು.

"ಮುಂದೇನಾತ್ರೀ ಟೀಚರ್?"

"ಅಷ್ಟೇ."

"ಅಷ್ಟ ಅಂದ್ರ? ಇದ್ಯಾವ ಕಥೀರೀ, ಬಾಲಾನ ಇಲ್ಲ!"

"ಬಾಲ ಕೇಳುವವರು ಹಚ್ಚಿಕೊಳ್ಬೇಕು ಮಾರಾಯ್ತಿ," ಎಂದು ಟೀಚರ್ ನಗುತ್ತಿದ್ದರು. ನಾನು ಹಚ್ಚಿದೆ. ಅದನ್ನೇ ಹೇಳಬೇಕಾಗಿದೆ.

ಆ ಶುಕ್ರವಾರ ನನ್ನ ನೀರುದೋಸೆ ಕಾವಲಿ ಬಿಡದೆ ಸತಾಯಿಸಿ, ನಾನು ಹೋಗುವಾಗ ಕಥೆ ಅರ್ಧಕ್ಕೆ ಬಂದಿತ್ತು. ಸದ್ದಿಲ್ಲದೆ ಹೋಗಿ ಮೂಲೆಯಲ್ಲಿ ಕೂತೆ. ಟೀಚರ್ ಕಿಟಕಿಯ ಕಡೆ ನೋಡುತ್ತ ಹೇಳುತ್ತಿದ್ದರು. "ಪ್ರತಿ ಗುರುವಾರ ಬ್ಯಾಗು ತುಂಬಿಸಿಕೊಂಡು ಹೊರಡುವುದು. ಅವರ ಹತ್ರ ಕ್ಲಾಸ್ ಉಂಟು ಅಂತ ಹೇಳುವುದು. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಒಂದು ಗಂಟೆ ಕೂರುವುದು. ಮತ್ತೆ ಮನೆಗೆ ಬಂದು ಅಡುಗೆ ಮಾಡುವುದು. ಒಂದು ದಿನವೂ ನಾನು ಬಸ್ಸು ಹತ್ತಲಿಲ್ಲ." ಅವರ ದನಿ ಹಾಗೆ ಇಳಿದದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಅಷ್ಟರಲ್ಲಿ ಮಗಳು ಎದ್ದು ಅಳುತ್ತಿದ್ದಾಳೆಂದು ಕೆಳಗಿನಿಂದ ನನ್ನ ಗಂಡನ ಫೋನು ಬಂತು. ಎದ್ದು ಬಂದೆ. ಮೊದಲೂ ಕೇಳಲಿಲ್ಲ, ಕೊನೆಯೂ ಕೇಳಲಿಲ್ಲ.

ಟೀಚರ್ ಗುರುವಾರ ಸಂಜೆ ಸಣ್ಣ ಟ್ರಾಲಿ ಬ್ಯಾಗು ಎಳೆದುಕೊಂಡು ಟ್ಯಾಕ್ಸಿ ಹತ್ತುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಅಲ್ ಅಜೀಜಿಯಾದ ಒಂದು ವಿಲ್ಲಾದಲ್ಲಿ ಮಕ್ಕಳಿಗೆ ಟ್ಯೂಷನ್ ಎನ್ನುತ್ತಿದ್ದರು. ಬ್ಯಾಗಿನಲ್ಲಿ ಇದ್ದದ್ದು ಮಕ್ಕಳ ನೋಟ್‌ಬುಕ್ಕು. ಆದರೆ ನನ್ನ ಬುದ್ಧಿಗೆ ಆ ದಿನ ಅದು ಹೊಳೆಯಬೇಕಲ್ಲ? ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ಟೀಚರ್ ಟ್ಯೂಷನ್ ಎಂದು ಹೇಳಿ ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತಾರಂತೆ ಎಂದು ಗಂಡನ ಹತ್ತಿರ ಹೇಳಿದೆ. ಕೇಳಿದಷ್ಟೇ ಹೇಳಿದ್ದರೆ ಬೇರೆ ಮಾತು. "ಸುಮ್ಮನೆ ಯಾರಾದ್ರೂ ಹೋಗಿ ಬೆಂಚಿನಲ್ಲಿ ಕೂರ್ತಾರಾ? ಯಾರೋ ಬರ್ಲಿಕ್ಕಿರಬೇಕು," ಎಂದೂ ಸೇರಿಸಿದೆ. ಹೇಳುವಾಗ ನನಗೆ ಖುಷಿಯಾಗಿತ್ತು. ಸುಳ್ಳು ಯಾಕೆ ಹೇಳಲಿ.

ನನ್ನ ಗಂಡನೂ ಟೀಚರ ಗಂಡನೂ ಕೆಲಸ ಮಾಡುತ್ತಿದ್ದದ್ದು ಹಮದ್ ಬಂದರಿನಲ್ಲಿ. ಒಂದೇ ಕಂಪನಿ ಬಸ್ಸು, ಹೋಗಿಬರಲು ಬೇಕಾದಷ್ಟು ಹೊತ್ತು. ನನ್ನವರು ಪಕ್ಕದ ಸೀಟಿನವನಿಗೆ ಹೇಳಿದರಂತೆ, ಅವನು ಮುಂದಿನವನಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎರಡು ವಾರದೊಳಗೆ ಅದು ಮುಂದಿನ ಸೀಟಿನಲ್ಲಿ ಕೂರುತ್ತಿದ್ದ ಟೀಚರ ಗಂಡನ ಕಿವಿ ತಲುಪಿತು. ಅಷ್ಟರಲ್ಲಿ ಬೆಂಚಿಗೆ ಬರುವವನಿಗೆ ಒಂದು ಕಾರೂ ಸಿಕ್ಕಿತ್ತು.

ಒಂದು ಸಂಜೆ ಟೀಚರ್ ನಮ್ಮ ಬಾಗಿಲಿಗೆ ಬಂದರು. ತಲೆ ಬಾಚಿರಲಿಲ್ಲ.

"ನಾನು ನಿಂಗೆ ಓದ್ಲಿಕ್ಕೆ ಕೊಟ್ಟ ಪುಸ್ತಕ ಉಂಟಲ್ಲ, ಅದೊಮ್ಮೆ ಕೊಡು. ಇವರಿಗೆ ಯಾರೋ ಎಂತೆಂತದೋ ಹೇಳಿದ್ದಾರೆ ಮಾರಾಯ್ತಿ. ಅದು ಕಥೆ ಅಂದ್ರೆ ನಂಬುದಿಲ್ಲ. ಬಾಗಲಕೋಟೆಯ ಅಕ್ಕ ಹೇಳಿದ್ರೂ, ನಿನ್ನ ಫ್ರೆಂಡ್ ನಿನ್ನ ಪರ ಹೇಳ್ತಾರೆ ಅಂತಾರೆ. ಪ್ರಿಂಟ್ ಆದದ್ದನ್ನು ತೋರಿಸು ಅಂತಾರೆ."

ಆ ಪುಸ್ತಕವನ್ನು ಇಂಗ್ಲಿಷ್ ಸುಧಾರಿಸಿಕೊಳ್ಳುತ್ತೇನೆಂದು ಹಿಂದೆಯೇ ಇಸಿದುಕೊಂಡಿದ್ದೆ. ಎರಡು ಪುಟಕ್ಕೇ ನಿದ್ದೆ ಬಂದು ಬಿಟ್ಟಿದ್ದೆ. ಟೀಚರಿಗೆ ಕಥೆಗಳೆಲ್ಲ ಬಾಯಿಪಾಠ, ವಾಪಸು ಕೇಳಿರಲೇ ಇಲ್ಲ. ಬಾಗಿಲಲ್ಲಿ ನಿಂತೇ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಅದು ಕಥೆ. ಕಥೆಯೆಂದು ಗೊತ್ತಾದರೆ ಇದನ್ನು ನಿಜವೆಂದು ಮೊದಲು ಹಬ್ಬಿಸಿದವರು ಯಾರೆಂದು ಹುಡುಕುತ್ತಾರೆ. ಬಸ್ಸಿನ ಸೀಟಿನಿಂದ ಸೀಟಿಗೆ ಹಿಂದೆ ಹೋದರೆ ನನ್ನ ಗಂಡ, ಆಮೇಲೆ ನಾನು.

"ಅಯ್ಯೋ ಟೀಚರ್, ಮೊನ್ನೆ ಕಾರ್ಗೋ ಪೆಟ್ಟಿಗೆಯಲ್ಲಿ ಬಟ್ಟೆ ಜೊತೆ ಊರಿಗೆ ಹೋಯ್ತು," ಎಂದೆ.

ಪುಸ್ತಕ ನನ್ನ ಹಿಂದೆ ಫ್ರಿಜ್ಜಿನ ಮೇಲೆಯೇ ಇತ್ತು, ಕುಬೂಸ್ ರೊಟ್ಟಿಯ ಪ್ಯಾಕೆಟ್ಟಿನ ಕೆಳಗೆ. ಟೀಚರ ಕಣ್ಣು ನನ್ನ ಹೆಗಲು ದಾಟಿ ಒಳಗೆ ಹೋದ ಹಾಗಿತ್ತು. ಕಂಡಿತೋ, ಕಾಣಲಿಲ್ಲವೋ... ಎಂಟು ವರ್ಷದಿಂದ ನನಗೆ ಬಗೆಹರಿದಿಲ್ಲ. "ಹೌದಾ," ಎಂದರು. ಮೆಟ್ಟಿಲು ಹತ್ತಿ ಹೋದರು. ಹೊಸ ಪ್ರತಿ ಹುಡುಕೋಣವೆಂದರೆ ಮೊದಲ ಹಾಳೆಗಳು ಅವರ ಕೈಸೇರುವ ಮೊದಲೇ ಹರಿದುಹೋಗಿ, ಈ ಒಂದು ಪುಸ್ತಕದ ಹೆಸರೇನು, ಬರೆದವರು ಯಾರು ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಶಾಲೆಗೆ ರಜೆ ಸಿಕ್ಕಿದಾಗ ಟೀಚರ್ ಊರಿಗೆ ಹೋದರು. ಅವರಿದ್ದದ್ದು ಗಂಡನ ಫ್ಯಾಮಿಲಿ ವೀಸಾದಲ್ಲಿ. ಅದನ್ನು ಗಂಡ ಕ್ಯಾನ್ಸಲ್ ಮಾಡಿಸಿದರೆಂದು ಆಮೇಲೆ ಗೊತ್ತಾಯಿತು. ಗಲಾಟೆ ಇಲ್ಲ, ಜಗಳ ಇಲ್ಲ, ಒಂದು ಕಾಗದಕ್ಕೆ ಖಲಾಸ್. ಹತ್ತು ವರ್ಷ ಕಲಿಸಿದ ಶಾಲೆಗೆ ಟೀಚರ್ ಊರಿನಿಂದ ಫೋನಿನಲ್ಲೇ ರಾಜೀನಾಮೆ ಹೇಳಿದರಂತೆ. ಬಾಗಲಕೋಟೆಯ ಅಕ್ಕ ಲಿಫ್ಟಿನಲ್ಲಿ ಸಿಕ್ಕಿ, "ಯಾವ ಬಾಯಿ ಹೊಲಸು ಮಾತಾಡ್ತೋ, ಅದರಾಗ ಹುಳಾ ಬೀಳ್ಲಿ," ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಕೆಲವು ವರ್ಷಗಳ ನಂತರ ಟೀಚರ ಗಂಡನೂ ನಿವೃತ್ತರಾಗಿ ಊರು ಸೇರಿದರು. ಅಲ್ಲಿ ಅವರಿಬ್ಬರೂ ಒಂದೇ ಮನೆಯಲ್ಲಿದ್ದರು, ಆದರೆ ಮಾತಿರಲಿಲ್ಲ ಎಂದು ಯಾರೋ ಹೇಳಿದರು. ಹೋದ ವರ್ಷ ಇಲ್ಲಿಯ ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾರ ಹಾಕಿದ ಟೀಚರ ಫೋಟೋ ಬಂತು, ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ನಾನೂ ಒಂದು ಹಾಕಿದೆ.

ಮೊನ್ನೆ ಪುಸ್ತಕ ಹಿಡಿದು ನೆಲದ ಮೇಲೆ ಕೂತಿದ್ದಾಗ ಮಗಳು ಬಂದಳು. ಆಗ ಆರು ವರ್ಷದವಳು, ಈಗ ಹದಿನಾಲ್ಕು. ಏಲಕ್ಕಿ ಸಿಪ್ಪೆ ಇದ್ದ ಪುಟ ತೆರೆದು ಓದು ಎಂದೆ. ಅದೇ ಕಥೆ. ಪುಸ್ತಕದಲ್ಲಿ ಆ ಹೆಂಗಸು ಬೆಂಚಿಗೆ ಹೋಗುವುದು ಶುಕ್ರವಾರ. ನಮ್ಮ ವಾರ ಗುರುವಾರಕ್ಕೆ ಮುಗಿಯುತ್ತದಲ್ಲ, ಟೀಚರ್ ಅದನ್ನೂ ನಮಗಾಗಿ ಬದಲಿಸಿದ್ದರು.

"ಅಮ್ಮ, ಲಾಸ್ಟಲ್ಲಿ ಹಸ್ಬೆಂಡ್ ಬರ್ತಾನೆ. ಅವನೂ ಸೂಟ್‌ಕೇಸ್ ತಂದಿದ್ದಾನೆ. ಸೇಮ್ ಬೆಂಚಲ್ಲಿ ಕೂರ್ತಾನೆ. ದೆನ್ ಫಿನಿಶ್," ಎಂದು ಮಗಳು ಮುಖ ಸಿಂಡರಿಸಿದಳು. ನಾನು ಅತ್ತೆ. ಅವಳು ಗಾಬರಿಯಾಗಿ ನೀರು ತಂದಳು.

ಮರುದಿನ ಮಧ್ಯಾಹ್ನ ನಂಬರು ಹುಡುಕಿ ಟೀಚರ ಗಂಡನಿಗೆ ಫೋನು ಮಾಡಿದೆ. ನಾನು ಕೇಳಿದ್ದು ಅರ್ಧ, ಹೇಳಿದ್ದು ಒಂದೂವರೆ, ಪುಸ್ತಕ ಊರಿಗೆ ಹೋಗಲೇ ಇಲ್ಲ ಎಂದು ನಿಲ್ಲಿಸದೆ ಹೇಳಿ ಮುಗಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ಕೊನೆಗೆ ಎಂತ ಆಗ್ತದೆ ಆ ಕಥೆಯಲ್ಲಿ?" ಎಂದರು.

"ಗಂಡ ಬರ್ತಾನೆ. ಅವನ ಕೈಯಲ್ಲೂ ಒಂದು ಬ್ಯಾಗು ಇರ್ತದೆ. ಅವಳ ಪಕ್ಕ ಕೂತುಕೊಳ್ತಾನೆ. ಎಂತದೂ ಕೇಳುದಿಲ್ಲ."

"ಆಮೇಲೆ?"

"ಅಷ್ಟೇ," ಎಂದೆ.

ಪುಸ್ತಕ ಕಳಿಸು ಎಂದು ಅವರು ಹೇಳಲಿಲ್ಲ. ಈಗ ಅದು ನಮ್ಮ ಹೊಸ ಮನೆಯ ಫ್ರಿಜ್ಜಿನ ಮೇಲೆ, ಬಾಗಿಲಲ್ಲಿ ನಿಂತವರಿಗೆ ಕಾಣುವ ಹಾಗೆ ಇದೆ. ಬಂದು ಕೇಳುವವರು ಮಾತ್ರ ಇಲ್ಲ.