ನಡೆಯಲು ಹೆದರಿದ ನೆಬೀಸಮ್ಮ

ನರಿಮೊಗರಿನ ನೆಬೀಸಮ್ಮ ಬೀಡಿ ಕಟ್ಟಿ ಮಗಳನ್ನು ಓದಿಸಿದವರು. ಗಂಡ ತೀರಿಕೊಂಡಾಗ ಮುಫೀದಾ ಇನ್ನೂ ಅಂಗನವಾಡಿಯಲ್ಲಿದ್ದಳು. ಎದುರುಮನೆಯ ರುಖಿಯಮ್ಮನ ಜಗಲಿಯಲ್ಲಿ ಗೆಳತಿಯರಿಬ್ಬರೂ ಮಡಿಲಿಗೆ ಗೆರಸೆ ಎಳೆದುಕೊಂಡು ಕೂತರೆ, ಕೈ ಎಲೆ ಸುತ್ತುತ್ತಿತ್ತು, ಬಾಯಿ ಊರಿನ ಮದುವೆಗಳನ್ನೆಲ್ಲ ಕುದುರಿಸುತ್ತಿತ್ತು.

ಒಂದು ಬೆಳಿಗ್ಗೆ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಮಾತು ಕೇಳಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಮರಳುವಾಗ ಜೀವ ಉಳಿದಿತ್ತು, ಬಲಭಾಗ ಬಿದ್ದುಹೋಗಿತ್ತು. ಮಾತ್ರೆಯ ಖರ್ಚನ್ನು ಕೆಲವು ಕಾಲ ತಮ್ಮ ಹೈದರ್ ನೋಡಿಕೊಂಡ. ಅವನದ್ದೂ ಸಣ್ಣ ದಿನಸಿ ಅಂಗಡಿ. ಅಂಗವಿಕಲರ ಪಿಂಚಣಿ ಬರತೊಡಗಿದ ಮೇಲೆ ನೆಬೀಸಮ್ಮನಿಗೆ ತಮ್ಮನೆದುರು ತಲೆ ಎತ್ತಿ ಮಾತಾಡುವ ಧೈರ್ಯ ಬಂತು.

ಮುಫೀದಾ ಪುತ್ತೂರಿನ ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಡುವ ಮೊದಲು ದಿನಾ ಉಮ್ಮನನ್ನು ಗೋಡೆ ಹಿಡಿಸಿ ನಡೆಸುತ್ತಿದ್ದಳು. ಕೈ ಹಾಗೆಯೇ ಮುದುಡಿಕೊಂಡು ಉಳಿಯಿತು, ಕಾಲಿಗೆ ಮಾತ್ರ ನಿಧಾನವಾಗಿ ಬಲ ಬಂತು. ಕೊನೆಗೊಮ್ಮೆ ನೆಬೀಸಮ್ಮ ಕೋಲೂರಿಕೊಂಡು ಓಣಿ ದಾಟಿ, ಜಗಲಿಯ ಮೆಟ್ಟಿಲು ಹತ್ತಿ, ಹಳೆಯ ಜಾಗದಲ್ಲಿ ಹೋಗಿ ಕೂತರು. ರುಖಿಯಮ್ಮ ಒಳಗೆ ಹೋಗಿ ಚಾ ಮಾಡಿ ತಂದರು.

ಆಗಲೇ ಆ ಸುದ್ದಿ ಹಬ್ಬಿದ್ದು. ಪಿಂಚಣಿ ಪಡೆಯುವವರನ್ನೆಲ್ಲ ಮತ್ತೆ ಪರೀಕ್ಷೆ ಮಾಡ್ತಾರಂತೆ, ಗುಣ ಆದವರನ್ನು ಕೈಬಿಡುವ ಆಲೋಚನೆ ಉಂಟಂತೆ. ಆದೇಶವನ್ನು ಯಾರೂ ಕಂಡಿರಲಿಲ್ಲ. ಇಚಿಲಂಪಾಡಿಯಲ್ಲಿ ಒಬ್ಬನಿಗೆ ಆಗಲೇ ನಿಂತಿದೆ ಎನ್ನುತ್ತಿದ್ದರು, ಅವನ ಹೆಸರು ಕೇಳಿದರೆ ಯಾರಿಗೂ ಗೊತ್ತಿಲ್ಲ. ನೆಬೀಸಮ್ಮನ ಅಂಗವಿಕಲತೆಯ ಸರ್ಟಿಫಿಕೇಟಿನ ಅವಧಿಯೂ ಮುಗಿಯುತ್ತ ಬಂದಿತ್ತು. ಅದನ್ನು ಹೊಸದು ಮಾಡಿಸಲು ಪುತ್ತೂರಿನಲ್ಲಿ ನಡೆಯುವ ಡಾಕ್ಟರ ತಪಾಸಣೆಯ ಕ್ಯಾಂಪಿಗೆ ಹೋಗಲೇಬೇಕು.

ಹೈದರ್ ಮಸೀದಿಯಿಂದ ಗಾಲಿಕುರ್ಚಿ ಕೇಳಿ ತಂದ. "ಕ್ಯಾಂಪ್ ಮುಗಿಯುವವರೆಗೆ ನಡಿಯುದು ಬೇಡ" ಎಂದ. "ಯಾರಾದ್ರೂ ಫೋಟೋ ತೆಗೆದ್ರೆ ಎಂತ ಮಾಡುದು?"

ಮುಫೀದಾಳಿಗೆ ಮನಸ್ಸಿರಲಿಲ್ಲ. ಆದರೆ ಹಿಂದೆ ಮಾತ್ರೆಯ ಖರ್ಚಿನಲ್ಲಿ ಬಸವಳಿದಿದ್ದ ಮಾಮನಿಗೆ ಎದುರಾಡಲು ಅವಳಿಂದಾಗಲಿಲ್ಲ. ನೆಬೀಸಮ್ಮ ಕೂತರು. ಕೂತು ಕೂತು ಕಾಲು ಮರಗಟ್ಟತೊಡಗಿತು. ರುಖಿಯಮ್ಮನೇ ಒಂದೆರಡು ಸಲ ಬಂದು ಮಾತಾಡಿಸಿ ಹೋದರು.

ಕ್ಯಾಂಪಿಗೆ ಇನ್ನು ಕೆಲವೇ ದಿನ ಇರುವಾಗ ರುಖಿಯಮ್ಮನಿಗೆ ಎದೆನೋವು ಬಂತು. ಆಸ್ಪತ್ರೆಗೆ ಮುಟ್ಟುವ ಮೊದಲೇ ಜೀವ ಹೋಯಿತು.

ಸುಳ್ಯ, ಕಡಬದಿಂದ ನೆಂಟರು ಬಂದು ಅಂಗಳ ತುಂಬಿತು. ನೆಬೀಸಮ್ಮ ಕೋಲಿಗಾಗಿ ಕೈ ಚಾಚಿದರು. ಹೈದರ್ ಕುರ್ಚಿಯನ್ನೇ ಮುಂದಕ್ಕೆ ತಳ್ಳಿದ. ಕುರ್ಚಿ ರುಖಿಯಮ್ಮನ ಮನೆಯ ಮೆಟ್ಟಿಲ ಬುಡದಲ್ಲಿ ನಿಂತಿತು. ಎತ್ತಿ ಒಳಗೆ ಕರೆದುಕೊಂಡು ಹೋಗ್ತೇವೆ ಎಂದು ಹೆಂಗಸರು ಬಂದರೆ ನೆಬೀಸಮ್ಮ ಬೇಡವೆಂದರು. ತಮಗೇ ಹತ್ತಲು ಬರುವ ಮೆಟ್ಟಿಲನ್ನು ಇನ್ನೊಬ್ಬರ ತೋಳೇರಿ ದಾಟಲು ಅವರಿಗೆ ಮನಸ್ಸಾಗಲಿಲ್ಲ. ಅವರು ನಡೆಯಬಲ್ಲರೆಂದು ಓಣಿಯವರಿಗೆ ಗೊತ್ತಿತ್ತು, ನೆಂಟರೆದುರು ಯಾರೂ ಬಾಯಿಬಿಡಲಿಲ್ಲ. ಬಾಗಿಲ ಸಂದಿಯಲ್ಲಿ ಬಿಳಿ ಬಟ್ಟೆಯ ಒಂದು ಅಂಚು ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಗಂಡಸರು ರುಖಿಯಮ್ಮನ ಮಯ್ಯತ್ತನ್ನು ಹೊತ್ತುಕೊಂಡು ನೆಬೀಸಮ್ಮನ ಪಕ್ಕದಿಂದಲೇ ಸಾಗಿದರು.

ಮನೆಗೆ ಬಂದ ಮೇಲೆ ನೆಬೀಸಮ್ಮ ತಮ್ಮನನ್ನು ಎದುರು ಕೂರಿಸಿಕೊಂಡರು.

"ನನ್ನ ರುಖಿಯ ಮುಖ ನೋಡಲಿಲ್ಲ ನಾನು. ಕ್ಯಾಂಪಿಗೆ ನಡ್ಕೊಂಡೇ ಹೋಗುದು."

ಪಿಂಚಣಿ ನಿಂತರೆ ಮಾತ್ರೆಗೆ ಏನು ಮಾಡುವುದೆಂದು ಹೈದರ್ ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಕ್ಯಾಂಪಿನ ದಿನ ಕಾಲು ಮೊದಲಿನಂತೆ ಏಳಲಿಲ್ಲ. ಮಗಳ ಹೆಗಲು ಹಿಡಿದು, ಬಾಗಿಲಿನಿಂದ ಡಾಕ್ಟರ ಮೇಜಿನವರೆಗೆ ಕಾಲೆಳೆಯುತ್ತ ಹೋಗುವಷ್ಟರಲ್ಲಿ ಬೆವರಿಳಿಯಿತು. ಡಾಕ್ಟರು ಕೇಳುವ ಮೊದಲೇ ಅವರು ಹೇಳಿಬಿಟ್ಟರು.

"ನಾನು ಇದಕ್ಕಿಂತ ಚೆಂದ ನಡಿತಿದ್ದೆ. ಪಿಂಚಣಿ ಹೋಗ್ತದೆ ಅಂತ ಹೆದರಿ ಕೂತೆ."

ಡಾಕ್ಟರು ಅವರ ಬಲಗೈಯನ್ನು ಮೇಜಿನ ಮೇಲೆ ಇರಿಸಿಕೊಂಡರು. ಮುದುಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಬಿಟ್ಟ ಕೂಡಲೇ ಅವು ಮತ್ತೆ ಮುದುಡಿಕೊಂಡವು. ನಡೆದರೆಂದು ಕೈ ಸರಿಯಾದಂತಾಗುವುದಿಲ್ಲ, ತಾನು ಕಂಡದ್ದನ್ನು ಬರೆಯುತ್ತೇನೆ ಎಂದರು. ಮುಂದೆ ಯಾವ ನಿಯಮ ಬರುತ್ತದೋ ತನಗೂ ತಿಳಿಯದು, ಅದರ ಬಗ್ಗೆ ಮಾತು ಕೊಡಲಾರೆ ಎಂದೂ ಹೇಳಿದರು.

"ಕಾಲನ್ನು ಮಾತ್ರ ಇನ್ನು ಸುಮ್ಮನೆ ಕೂರಿಸಬೇಡಿ ಅಮ್ಮ."

ಸರ್ಟಿಫಿಕೇಟು ಹೊಸದಾಗಿ ಬಂತು, ಪಿಂಚಣಿ ಸದ್ಯಕ್ಕೆ ನಿಂತಿಲ್ಲ. ಆ ಆದೇಶ ಈವರೆಗೆ ಬಂದಿಲ್ಲ, ಬರುವುದಿಲ್ಲವೆಂದು ಹೇಳಿದವರೂ ಇಲ್ಲ. ಹೈದರ್ ಅಂಗಡಿ ಮುಚ್ಚಿ ಬರುವಾಗ ಒಮ್ಮೊಮ್ಮೆ ಅಕ್ಕನ ಮನೆಗೆ ಹೊಕ್ಕು, ಏನಾದರೂ ಸುದ್ದಿ ಉಂಟಾ ಎಂದು ಮುಫೀದಾಳನ್ನು ಮೆಲ್ಲಗೆ ಕೇಳುತ್ತಾನೆ.