ತಪ್ಪು ಕಡೆಗೆ ತಿರುಗುವ ಮೀನು

೨೦೧೮ನೇ ಇಸವಿ. ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ನರವಿಜ್ಞಾನದ ಪ್ರಯೋಗಾಲಯದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದವು. ಧಾರವಾಡದಿಂದ ಬಂದು ಈ ಊರಲ್ಲಿ ಅರ್ಧ ಆಯುಷ್ಯ ಕಳೆದಿದ್ದರೂ ನನ್ನ ತೆಲುಗು ಆಟೋದವರ ಜೊತೆ ಜಗಳವಾಡುವಷ್ಟೇ ಇತ್ತು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ನಮ್ಮ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಭ್ರೂಣದಲ್ಲಿ ನರಕೋಶ ಹುಟ್ಟಿದಾಗ ಅದಕ್ಕೆ ಯಾರ ಸಂಪರ್ಕವೂ ಇರುವುದಿಲ್ಲ. ಅದು ಆಕ್ಸಾನ್ ಎಂಬ ಎಳೆಯೊಂದನ್ನು ಹೊರಚಾಚುತ್ತದೆ. ಕತ್ತಲೆಯಲ್ಲಿ ಗೋಡೆ ಸವರುತ್ತ ಸ್ವಿಚ್ ಹುಡುಕುವ ಕೈಯಂತೆ ಆ ಎಳೆಯ ತುದಿ ದಾರಿ ತಡವುತ್ತ ಹೋಗಿ, ಸರಿಯಾದ ಕೋಶವನ್ನು ಮುಟ್ಟಿದಾಗ ಅಲ್ಲಿ ಬೆಸುಗೆಯಾಗುತ್ತದೆ. ಅದೇ ಸಿನಾಪ್ಸ್. ಇದನ್ನು ನಾವು ನೋಡುತ್ತಿದ್ದುದು ಜೀಬ್ರಾ ಮೀನಿನಲ್ಲಿ. ಬೆರಳುದ್ದವೂ ಇಲ್ಲದ ಈ ಪಟ್ಟೆ ಮೀನಿನ ಮರಿಗಳು ಗಾಜಿನಷ್ಟು ಪಾರದರ್ಶಕವಾಗಿರುವುದರಿಂದ, ಮೈಕ್ರೋಸ್ಕೋಪಿನಡಿ ಒಳಗಿನ ನರ ಬೆಳೆಯುವುದು ಕಣ್ಣಿಗೆ ಕಾಣುತ್ತದೆ.

ಭಾಗ್ಯಶ್ರೀ ನನ್ನ ಪಿಎಚ್‌ಡಿ ವಿದ್ಯಾರ್ಥಿನಿ, ಸೇಡಂ ಕಡೆಯವಳು. ಮೊದಲ ವರ್ಷವೇ ಅವಳ ಕಣ್ಣಿಗೆ ಒಂದು ವಿಚಿತ್ರ ಬಿದ್ದಿತ್ತು. ಮೀನಿನ ಮರಿಯ ಬಲಗಡೆ ಕೂದಲಿನಿಂದ ಮುಟ್ಟಿದರೆ ಅದು ಎಡಕ್ಕೆ ಬಾಗಿ ಪಾರಾಗುತ್ತದೆ. ಬಲಗಡೆಯ ಸುದ್ದಿಯನ್ನು ನರ ಬೆನ್ನಿನ ಮಧ್ಯರೇಖೆ ದಾಟಿಸಿ ಎಡಗಡೆಯ ಸ್ನಾಯುಗಳಿಗೆ ಮುಟ್ಟಿಸುವುದರಿಂದ ಹೀಗಾಗುತ್ತದೆ. ಆದರೆ ನಮ್ಮ ಒಂದು ಜೋಡಿಯ ಮರಿಗಳಲ್ಲಿ ಕಾಲು ಭಾಗ, ಬಲಕ್ಕೆ ಮುಟ್ಟಿದರೆ ಬಲಕ್ಕೇ ತಿರುಗುತ್ತಿದ್ದವು. ಅಂದರೆ ಅಪಾಯದ ಬಾಯಿಗೇ ಹೋಗಿ ಬೀಳುತ್ತಿದ್ದವು. ಅವುಗಳ ನರ ಮಧ್ಯರೇಖೆ ದಾಟದೆ, ಹೊರಟ ಕಡೆಯಲ್ಲೇ ತಪ್ಪು ಕೋಶದೊಡನೆ ಬೆಸೆದುಕೊಂಡಿತ್ತು. ಪ್ರಪಂಚದಲ್ಲಿ ಈ ತಳಿ ಇದ್ದದ್ದು ನಮ್ಮಲ್ಲಿ ಮಾತ್ರ. ಒಂದೇ ತೊಂದರೆ: ತಪ್ಪು ತಿರುಗುವ ಮರಿಗಳು ಆರನೆಯ ದಿನಕ್ಕೆ ಸಾಯುತ್ತಿದ್ದವು. ತಪ್ಪು ಬೆಸುಗೆ ಕೊನೆಯವರೆಗೂ ಹಾಗೇ ಉಳಿಯುತ್ತದೆಯೇ, ಮುಂದೆ ತಾನಾಗಿ ತಿದ್ದಿಕೊಳ್ಳುತ್ತದೆಯೇ ಎಂಬ ಕಡೆಯ ಪ್ರಶ್ನೆಗೆ ಉತ್ತರ ಸಿಗದೆ ಅವಳ ಪ್ರಬಂಧ ಮುಗಿಯುವಂತಿರಲಿಲ್ಲ. ಫೆಲೋಶಿಪ್ ಆ ವರ್ಷದ ಕೊನೆಗೆ ಮುಗಿಯುತ್ತಿತ್ತು.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮೀನಿನ ಕೋಣೆಯ ಬಾಗಿಲು ತೆರೆದರೆ ತೊಟ್ಟಿಗಳ ಮೇಲೆಲ್ಲ ಬಿಳಿ ಹೊಟ್ಟೆಗಳು ತೇಲುತ್ತಿದ್ದವು; ಒಂದು ಮೀನೂ ಉಳಿದಿರಲಿಲ್ಲ. ರಜೆಯ ದಿನ ಕಟ್ಟಡದ ನೀರಿನ ಸಂಪಿಗೆ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದಿದ್ದರು. ಮನುಷ್ಯರಿಗೆ ಒಳ್ಳೆಯದೇ ಆದ ಕೆಲಸ; ನಮ್ಮ ಇದ್ದಿಲು ಫಿಲ್ಟರಿಗೆ ಅಷ್ಟು ಕ್ಲೋರಿನ್ ತಡೆಯಲಾಗಲಿಲ್ಲ. ಬೇರೆ ತಳಿಗಳನ್ನು ಇತರ ಲ್ಯಾಬುಗಳಿಂದ ತರಿಸಬಹುದಿತ್ತು. ಭಾಗ್ಯಶ್ರೀಯದನ್ನು ತರಿಸಲು ಬೇರೆ ಲ್ಯಾಬೇ ಇರಲಿಲ್ಲ. ಹೆಪ್ಪುಗಟ್ಟಿಸಿ ಇಟ್ಟಿದ್ದ ವೀರ್ಯವನ್ನು ಕರಗಿಸಿ, ಬೇರೆ ಲ್ಯಾಬಿನಿಂದ ತಂದ ಮೊಟ್ಟೆಗಳಿಗೆ ಬೆರೆಸಿ ನೋಡಿದೆವು, ಒಂದು ಮೊಟ್ಟೆಯೂ ಫಲಿಸಲಿಲ್ಲ.

ಅವಳು ಅಳಲಿಲ್ಲ. ಎರಡು ದಿನ ತೊಟ್ಟಿಗಳನ್ನು ತಿಕ್ಕಿ ತೊಳೆದಳು. ಮೂರನೆಯ ದಿನ ನನ್ನ ಕೋಣೆಗೆ ಬಂದು ನಿಂತಳು.

"ಮೇಡಂ, ನಮ್ಮೂರ ಕಡೆ ಸಾಲ್ಯಾಗ ಸೈನ್ಸ್ ಟೀಚರ್ ಬೇಕಂತ್ರಿ. ನಾ ಹೋಗ್ತೀನ್ರಿ."

"ಮೀನ ಸತ್ತಾವ, ನೀ ಸತ್ತಿಲ್ಲ. ಹೋಗು, ಕೆಲಸ ನೋಡು," ಎಂದೆ. ಆ ಹುಡುಗಿಯ ಐದು ವರ್ಷ ನೀರುಪಾಲಾಯಿತಲ್ಲ ಎಂದು ಅವಳು ಹೋದ ಮೇಲೆ ನನಗೇ ಕಣ್ಣು ತುಂಬಿತು.

ಮರುದಿನ ಒಂದು ಫೋನು ಬಂತು. ನಾರಾಯಣಗೂಡ ಬಡಾವಣೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ವೀರಣ್ಣ ಮಾಸ್ತರು. ಬಸವಕಲ್ಯಾಣದವರು; ಹೈದರಾಬಾದಿನಲ್ಲಿ ಕನ್ನಡ ಆಡಲು ಜನ ಸಿಕ್ಕರೆ ಸಾಕು, ಬಿಡುತ್ತಿರಲಿಲ್ಲ.

"ನಮಸ್ಕಾರ್ರಿ ಮೇಡಂ. ಮೀನಿನ ಖಾನಾ ಖತಂ ಆಗೇತ್ರಿ. ಇನ್ನೊಂದ ಡಬ್ಬಿ ಸಿಗ್ತೈತೇನ್ರಿ?"

"ಯಾವ ಮೀನ್ರಿ?"

"ನಿಮ್ಮವ ರೀ. ಹೋದ ವರ್ಷ ಭಾಗ್ಯಶ್ರೀ ಕೊಟ್ಟಿದ್ಲಲ್ರಿ, ಪ್ರಾಕ್ಟಿಕಲ್ಸಿಗೆ ಅಂತ. ಈಗ ಭಾಳ ಆಗ್ಯಾವ್ರಿ."

ಆಗ ನೆನಪಾಯಿತು. ಬಿಎಸ್ಸಿ ಮಕ್ಕಳಿಗೆ ತೋರಿಸಲು ಅವರು ಮರಿ ಕೇಳಿದ್ದರು. "ನಮ್ಮ ಮೀನ ಅರಿಶಿನ ಕುಂಕುಮೇನು, ಬಂದವರಿಗೆಲ್ಲ ಕೊಟ್ಟು ಕಳಸಾಕ?" ಎಂದು ನಾನು ಛೇಡಿಸಿದರೂ ಭಾಗ್ಯಶ್ರೀ ತನ್ನ ತಳಿಯ ಮರಿಗಳನ್ನೇ ಒಂದು ಬಾಟಲಿಯಲ್ಲಿ ಕೊಟ್ಟು ಕಳಿಸಿದ್ದಳು. ತಪ್ಪು ತಿರುಗುವ ಮರಿಯನ್ನು ನೋಡಿದರೆ ಮಕ್ಕಳಿಗೆ ನರದ ದಾರಿ ಮರೆಯುವುದಿಲ್ಲ ಎಂಬುದು ಅವಳ ವಾದವಾಗಿತ್ತು. ಪ್ರಾಕ್ಟಿಕಲ್ಸ್ ಮುಗಿದ ಮೇಲೂ ಅವು ಬದುಕಿರಬಹುದೆಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಅರ್ಧ ಗಂಟೆಯಲ್ಲಿ ನಾವಿಬ್ಬರೂ ಆಟೋದಲ್ಲಿದ್ದೆವು. ಕೋಚಿಂಗ್ ಸೆಂಟರುಗಳ ಬೋರ್ಡುಗಳ ನಡುವೆ ಹಳೆಯ ಕಾಲೇಜು, ಮಹಡಿಯ ಮೇಲೆ ಲ್ಯಾಬು, ಕಿಟಕಿಯ ಪಕ್ಕ ದೊಡ್ಡ ಗಾಜಿನ ತೊಟ್ಟಿ. ಅದರ ತುಂಬ ಪಟ್ಟೆ ಮೀನುಗಳು ಜೀವಂತವಾಗಿ ಈಜುತ್ತಿದ್ದವು. ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಭಾಗ್ಯಶ್ರೀ ಗಾಜಿಗೆ ಹಣೆ ಹಚ್ಚಿ ನಿಂತುಬಿಟ್ಟಳು.

"ಇಷ್ಟೊಂದು ಹೆಂಗಾದ್ವು ಸರ್?" ಎಂದು ಕೇಳಿದಳು.

ಮಾಸ್ತರು ಹೆಮ್ಮೆಯಿಂದಲೇ ಹೇಳಿದರು: "ಮೊದಲ ಸ್ವಲ್ಪೇ ಉಳಿದಿದ್ವು. ಪಾಪ, ಬೇಜಾರ ಆಗ್ತೈತಿ ಅಂತ ನಮ್ಮ ಹುಡುಗೂರು ಪೈಸಾ ಕೂಡಿಸಿ ಅಂಗಡ್ಯಾಗಿಂದ ಇನ್ನೊಂದಿಷ್ಟು ತಂದು ಬಿಟ್ರು. ಸೇಮ್ ಪಟ್ಟಿವ ನೋಡಿ ತಂದಾರ್ರಿ."

ಭಾಗ್ಯಶ್ರೀ ಅಲ್ಲೇ ಸ್ಟೂಲು ಎಳೆದುಕೊಂಡು ಕೂತಳು. ಅವಳಿಗೆ ಬೇಕಾದ ದೋಷ ದೊಡ್ಡ ಮೀನಿನ ಮೈಮೇಲೆ ಕಾಣುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಅದನ್ನು ಹೊತ್ತಿದ್ದರೆ ಮಾತ್ರ ಮರಿಗಳಲ್ಲಿ ಕಾಲು ಭಾಗ ತಪ್ಪು ತಿರುಗುತ್ತವೆ. ಅದು ಯಾವ ಜೀನಿನಲ್ಲಿದೆ ಎಂದು ಆಗಿನ್ನೂ ಪತ್ತೆಯಾಗಿರಲಿಲ್ಲವಾದ್ದರಿಂದ ಡಿಎನ್‌ಎ ಪರೀಕ್ಷೆಗೂ ದಾರಿಯಿರಲಿಲ್ಲ.

"ಇದರಾಗ ನಮ್ಮವು ಯಾವು, ಅಂಗಡೀವು ಯಾವು, ಇವೆರಡರ ಮಕ್ಕಳ್ಯಾವು, ಹೆಂಗ ಗೊತ್ತಾಗ್ಬೇಕ್ರಿ?" ಎಂದಳು.

ವರ್ಷಗಟ್ಟಲೆ ಶುದ್ಧವಾಗಿ ಕಾಪಾಡಿದ ತಳಿಯನ್ನು ಸಂತೆ ಮಾಡಿಟ್ಟಿದ್ದರು. ನನ್ನ ಸಿಟ್ಟು ಮೂಗಿನಿಂದ ನಾಲಿಗೆಗೆ ಇಳಿಯುವುದರಲ್ಲಿತ್ತು. ನಾವು ಬಂದ ಕಾರಣ ತಿಳಿದು ಮಾಸ್ತರರ ಮುಖ ಸಣ್ಣದಾಯಿತು. "ಬೈರಿ ಮೇಡಂ," ಅಂದರು. "ಆದ್ರ ಜೀವಂತ ಅದಾವಲ್ರಿ." ನಾನು ಸಿಟ್ಟು ನುಂಗಿ ಬಕೆಟ್ ಕೇಳಿದೆ.

ಮುಂದಿನ ಕೆಲಸ ತಾಳ್ಮೆಯದು. ಸಂಜೆ ಒಂದು ಗಂಡು ಒಂದು ಹೆಣ್ಣನ್ನು ಒಂದೇ ಡಬ್ಬಿಯಲ್ಲಿಟ್ಟು ನಡುವೆ ತಡೆ ಹಾಕಬೇಕು. ಬೆಳಕು ಹರಿದಾಗ ತಡೆ ತೆಗೆದರೆ ಮೊಟ್ಟೆ ಇಡುತ್ತವೆ. ಮರಿ ಈಜುವಂತಾದ ಮೇಲೆ ಒಂದೊಂದನ್ನೂ ಮುಟ್ಟಿ ನೋಡಬೇಕು. ಜೂನ್ ಪೂರ್ತಿ ಭಾಗ್ಯಶ್ರೀ ಜೋಡಿ ಬದಲಿಸಿದಳು, ಮುಟ್ಟಿದಳು, ನಿಟ್ಟುಸಿರಿಟ್ಟಳು. ಎಲ್ಲ ಮರಿಗಳೂ ಸರಿಯಾದ ದಿಕ್ಕಿಗೇ ಓಡುತ್ತಿದ್ದವು. ಮರಿಗಳು ಆರೋಗ್ಯವಾಗಿರುವುದಕ್ಕೆ ನಮ್ಮಷ್ಟು ದುಃಖಪಟ್ಟವರು ಯಾರೂ ಇರಲಾರರು. ವೀರಣ್ಣ ಮಾಸ್ತರು ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು, ತಪ್ಪಿತಸ್ಥರಂತೆ ಬಾಗಿಲಲ್ಲೇ ನಿಂತು, "ಏನರೆ ಆತೇನ್ರಿ?" ಎಂದು ಕೇಳಿ ಹೋಗುತ್ತಿದ್ದರು.

ಊರಲ್ಲಿ ಆಷಾಢದ ಬೋನಾಲು, ಅಂದರೆ ಅಮ್ಮನ ಹಬ್ಬದ ಡೋಲು ಶುರುವಾಗಿದ್ದ ದಿನಗಳು. ಒಂದು ಬೆಳಿಗ್ಗೆ ಅವಳು ಓಡಿಬಂದು ನನ್ನ ಮೇಜು ಹಿಡಿದುಕೊಂಡಳು.

"ಮೇಡಂ, ತಪ್ಪು ತಿರಗಾಕತ್ತಾವ್ರಿ."

ಹೋಗಿ ನಾನೇ ಕೂದಲು ಹಿಡಿದು ಬಲಕ್ಕೆ ಮುಟ್ಟಿದೆ. ಮರಿ ಬಲಕ್ಕೇ ತಿರುಗಿತು. ಇನ್ನೊಂದನ್ನು ಮುಟ್ಟಿದೆ, ಅದೂ ಹಾಗೇ. ನಾವಿಬ್ಬರೂ ನಕ್ಕೆವು, ನಕ್ಕು ಅತ್ತೆವು.

ತಪ್ಪು ತಿರುಗಿದ ಮರಿಗಳನ್ನು ಬೇರೆ ಬಟ್ಟಲಿಗೆ ಹಾಕಿ ಸಾಕಿದೆವು. ಆರನೆಯ ದಿನ ಬಂತು, ಸಾಯಲಿಲ್ಲ. ಏಳನೆಯ ದಿನ ಆಹಾರಕ್ಕೆ ಬಾಯಿ ಹಾಕಿದವು. ನಾವು ಜೋಪಾನ ಮಾಡುತ್ತ ಮಾಡುತ್ತ ಒಂದೇ ಬಳಗದೊಳಗೇ ಕೂಡಿಸಿ ತಳಿಯನ್ನು ಎಷ್ಟು ಬಡಕಲು ಮಾಡಿದ್ದೆವೆಂದರೆ, ಮರಿಗಳನ್ನು ಕೊಲ್ಲುತ್ತಿದ್ದುದು ತಪ್ಪು ನರವೊಂದೇ ಅಲ್ಲ, ಅದರ ಜೊತೆ ಕೂಡಿದ ಆ ದೌರ್ಬಲ್ಯ. ಅಂಗಡಿ ಮೀನಿನ ರಕ್ತ ಅದಕ್ಕೆ ಕಸುವು ಕೊಟ್ಟಿತ್ತು. ಹನ್ನೆರಡನೆಯ ದಿನ ಭಾಗ್ಯಶ್ರೀ ಮತ್ತೆ ಮುಟ್ಟಿದಳು. ಬಲಕ್ಕೆ ಮುಟ್ಟಿದರೆ ಮರಿ ಎಡಕ್ಕೆ ತಿರುಗಿತು. ಎಲ್ಲವೂ ಅಲ್ಲ, ಅರ್ಧಕ್ಕಿಂತ ಹೆಚ್ಚು. ನರಕ್ಕೆ ಬಣ್ಣ ಹಾಕಿ ನೋಡಿದಾಗ ತಪ್ಪು ಬೆಸುಗೆ ಕರಗಿತ್ತು. ತಡವಾಗಿಯಾದರೂ ಇನ್ನೊಂದು ಎಳೆ ಮಧ್ಯರೇಖೆ ದಾಟಿ ತನ್ನ ಜೊತೆಗಾರನನ್ನು ಮುಟ್ಟಿತ್ತು. ಬದುಕಲು ಕಾಲ ಸಿಕ್ಕರೆ ನರ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲದು. ಐದು ವರ್ಷ ಹುಡುಕಿದ ಉತ್ತರ ಅದೇ ಆಗಿತ್ತು.

ಮುಂದಿನ ವರ್ಷ ಅವಳ ಬಹಿರಂಗ ಮೌಖಿಕ ಪರೀಕ್ಷೆಗೆ ವೀರಣ್ಣ ಮಾಸ್ತರು ತಮ್ಮ ಹುಡುಗ ಹುಡುಗಿಯರನ್ನೆಲ್ಲ ಕರೆತಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಈ ಬಲಿಷ್ಠ ತಳಿಯನ್ನು ಹೇಗೆ ರೂಪಿಸಿದಿರಿ ಎಂದು ಪರೀಕ್ಷಕರು ಕೇಳಿದರು. ಭಾಗ್ಯಶ್ರೀ ಹಿಂದಿನ ಸಾಲಿನ ಕಡೆ ಕೈ ತೋರಿಸಿ, "ನಾನು ರೂಪಿಸಲಿಲ್ಲ ಸರ್, ಅವರು," ಎಂದಳು. ತಳಿಗೆ ಅವಳಿಟ್ಟ ಹೆಸರು ನಾರಾಯಣಗೂಡ.

ಭ್ರೂಣದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ನರಕೋಶಗಳು ಹುಟ್ಟುತ್ತವೆ, ಇನ್ನೊಂದು ಕೋಶವನ್ನು ಮುಟ್ಟಲಾಗದವು ಸಾಯುತ್ತವೆ ಎಂದು ನಾನು ವರ್ಷವರ್ಷವೂ ಪಾಠ ಹೇಳುತ್ತಿದ್ದೆ. ಅದು ಪ್ರಯೋಗಾಲಯಕ್ಕೂ ಅನ್ವಯಿಸುತ್ತದೆ ಎಂದು ಕಲಿಸಿದ್ದು ಆ ಗಾಜಿನ ತೊಟ್ಟಿ. ಬಾಗಿಲು ಹಾಕಿ ಕಾಪಾಡಿದ್ದು ಒಂದೇ ರಜೆಯ ದಿನದಲ್ಲಿ ಹೋಯಿತು; ಬಾಟಲಿಯಲ್ಲಿ ಹಾಕಿ ಕೊಟ್ಟದ್ದು ಬದುಕಿ, ಬೆಳೆದು, ಇನ್ನಷ್ಟು ಗಟ್ಟಿಯಾಗಿ ಮನೆಗೆ ಬಂತು. ಅಂದಿನಿಂದ ನಿವೃತ್ತಳಾಗುವವರೆಗೆ ಯಾರು ಮರಿ ಕೇಳಿಕೊಂಡು ಬಂದರೂ ನಾನು ಬರಿಗೈಯಲ್ಲಿ ಕಳಿಸಲಿಲ್ಲ. ಅರಿಶಿನ ಕುಂಕುಮದಂತೆಯೇ ಕೊಟ್ಟೆ.