ಬಿಯರು ಮಾಡಿದವಳು ನಾನು

ಪ್ರಶ್ನೆ ಕೇಳಿದವಳು ನಾನು. ಅಂಗಡಿಯವನು ಉತ್ತರ ಕೊಟ್ಟದ್ದು ನನ್ನ ಗಂಡನಿಗೆ.

ಮನೆಯಲ್ಲೇ ಬಿಯರ್ ಮಾಡಿಕೊಳ್ಳುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿ ಅದು, ಹೈಡೆಲ್‌ಬರ್ಗಿನ ನಮ್ಮ ಮನೆಯಿಂದ ಕಾರಿನಲ್ಲಿ ಸ್ವಲ್ಪ ದೂರ. ಒತ್ತಡದಲ್ಲಿ ಹುದುಗು ಬರಿಸುವ ಪಾತ್ರೆ ಬೇಕು, ಪ್ಲಾಸ್ಟಿಕ್ಕಿನದು ಒಳ್ಳೆಯದೋ ಸ್ಟೀಲಿನದೋ ಎಂದು ನನ್ನ ಹರಕುಮುರುಕು ಜರ್ಮನ್‌ನಲ್ಲಿ ಕೇಳಿದೆ. ಆತ ಗಮನವಿಟ್ಟು ಕೇಳಿಸಿಕೊಂಡು, ಗಂಡನ ಕಡೆ ತಿರುಗಿ ವಿವರಿಸಲು ಶುರುಮಾಡಿದ. ಮೊಳಕೆ ಬರಿಸಿದ ಬಾರ್ಲಿಯ ಮಾಲ್ಟ್ ಯಾವುದು, ಕಹಿಗೂ ಪರಿಮಳಕ್ಕೂ ಹಾಕುವ ಹಾಪ್ಸ್ ಹೂ ಯಾವುದು ಎಂದು ತಿಳಿಯದ ನನ್ನ ಗಂಡ "ಯಾ, ಯಾ" ಎನ್ನುತ್ತಾ ದೊಡ್ಡ ಪಂಡಿತರ ಹಾಗೆ ತಲೆಯಾಡಿಸಿದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಅದರ ಉತ್ತರವೂ ಅವರಿಗೇ ಹೋಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

ನಾವು ಈ ದೇಶಕ್ಕೆ ಬಂದದ್ದೇ ಪರಿಣತ ಕೆಲಸದವರಿಗೆ ಇಲ್ಲಿ ಕೊಡುವ ಬ್ಲೂ ಕಾರ್ಡ್ ಎಂಬ ನನ್ನ ಪರವಾನಗಿಯ ಬಲದಿಂದ. ಹತ್ತಿರದ ಊರಾದ ಸಾಂಕ್ಟ್ ಲಿಯೋನ್-ರೋಟ್‌ನಲ್ಲಿ ಕೆಲಸ ಸಿಕ್ಕಿದ್ದು ನನಗೆ; ಗಂಡ ಬಂದದ್ದು ನನ್ನ ಕುಟುಂಬದವರೆಂಬ ವೀಸಾದಲ್ಲಿ, ಅವರಿಗೆ ಕೆಲಸ ಸಿಕ್ಕಿದ್ದು ಆಮೇಲೆ. ಹಾಗಿದ್ದರೂ ಇಲ್ಲಿನ ಕನ್ನಡದವರ ಮನೆಗೆ ಹೋದರೆ "ನಿಮ್ಮೆಜಮಾನ್ರು ಯಾವ ಕಂಪನಿ?" ಎಂದೇ ಮಾತು ಶುರುವಾಗುತ್ತಿತ್ತು. ಆ ಪ್ರಶ್ನೆಯನ್ನು ನುಂಗಿ ನುಂಗಿ ಅಭ್ಯಾಸವಾಗಿತ್ತು. ಬಿಯರಿನ ವಿಷಯದಲ್ಲಿ ಮಾತ್ರ ನುಂಗಲಾಗಲಿಲ್ಲ.

ನಾನು ಉಡುಪಿ ಕಡೆಯವಳು. ತವರಿನಲ್ಲಿ ಯಾರೂ ಕುಡಿಯುವವರಿಲ್ಲ, ನಾನೂ ಅರ್ಧ ಗ್ಲಾಸು ಕುಡಿದರೆ ಹೆಚ್ಚು. ನನ್ನ ಹುಚ್ಚು ಕುಡಿಯುವುದರದ್ದಲ್ಲ, ಹುದುಗು ಬರಿಸುವುದರದ್ದು. ಮುಚ್ಚಳದ ಕೆಳಗೆ ಕಣ್ಣಿಗೆ ಕಾಣದ್ದೇನೋ ತನ್ನ ಪಾಡಿಗೆ ಕೆಲಸ ಮಾಡುತ್ತಾ ಇರುವುದು ನನಗೆ ಬಹಳ ಇಷ್ಟ. ಶುಚಿತ್ವವನ್ನಂತೂ ಯಾರೂ ಕಲಿಸಬೇಕಾಗಿರಲಿಲ್ಲ. ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬಾರದು ಎಂದು ಬೈಸಿಕೊಂಡು ಬೆಳೆದವಳಿಗೆ ಬಿಯರಿನ ಶುಚಿತ್ವ ಯಾವ ಲೆಕ್ಕ?

ಕೊನೆಗೆ ಪಾತ್ರೆಯನ್ನು ನಾನೇ ಓದಿ, ಹುಡುಕಿ ಆರಿಸಿದೆ. ತಣ್ಣಗಿನ ಜಾಗದಲ್ಲಿ ವಾರಗಟ್ಟಲೆ ಇಡಬೇಕಾದ ಲಾಗರ್ ಬಿಯರನ್ನು ಒತ್ತಡದಲ್ಲಿ ಹುದುಗಿಸಿದರೆ ಮನೆಯ ಸಾಧಾರಣ ಬಿಸಿಯಲ್ಲೂ ಅದು ಕೆಡದೆ ಬರುತ್ತದೆ. ಅದಕ್ಕೆ ಒಂದು ಬಾರ್ ಒತ್ತಡ ಸಾಕು, ಹೆಚ್ಚುಕಡಿಮೆ ಕುಕ್ಕರಿನೊಳಗೆ ಇರುವಷ್ಟು ಎಂದು ಗಂಡನಿಗೂ ವಿವರಿಸಿದ್ದೆ. ಪ್ಲಾಸ್ಟಿಕ್ಕಿನ ಪಾತ್ರೆ ಅಗ್ಗ, ಆದರೆ ಉಜ್ಜಿದರೆ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ನಾನು ಕೊಂಡದ್ದು ಯಾರೋ ಬಳಸಿ ಮಾರಿದ ಸ್ಟೀಲಿನದು, ಮೊಣಕೈವರೆಗೆ ಕೈ ಹಾಕಿ ತೊಳೆಯುವಷ್ಟು ಅಗಲ ಬಾಯಿಯದು. ಅದರ ಒಳಗಿನ ಕೊಳವೆ ತಳಕ್ಕೆ ತಾಗುತ್ತಿತ್ತು. ನಲ್ಲಿ ತಿರುಗಿಸಿದರೆ ಮೊದಲು ತಳದ ಈಸ್ಟಿನ ಬಗ್ಗಡವೇ ಬರುತ್ತಿತ್ತು. ಅದನ್ನು ತೆಗೆದು, ಮೇಲಿನ ತಿಳಿಯನ್ನೇ ಹೀರುವ ತೇಲುವ ಕೊಳವೆ ಕೂರಿಸಿದೆ. ಹಾಗಾಗಿ ಹುದುಗು ಬರಿಸಿದ ಪಾತ್ರೆಯಿಂದಲೇ ನೇರವಾಗಿ ಗ್ಲಾಸಿಗೆ ಬಗ್ಗಿಸಬಹುದು, ನಡುವೆ ಮುಚ್ಚಳ ತೆಗೆಯಬೇಕಾಗಿಲ್ಲ. ಹೆಚ್ಚಾದ ಗಾಳಿಯನ್ನು ಹೊರಗೆ ಬಿಡುವ ವಾಲ್ವಿಗಾಗಿ ಮುಚ್ಚಳಕ್ಕೆ ಇನ್ನೊಂದು ತೂತು ಕೊರೆಯಬೇಕಾಗಿತ್ತು. ಕಟ್ಟಡದ ನೆಲಮಾಳಿಗೆಯ ನಮ್ಮ ಕೆಲ್ಲರ್ ಕೋಣೆಯಲ್ಲಿ ಡ್ರಿಲ್ ಹಿಡಿದವಳು ನಾನು. ಗಂಡ ಟಾರ್ಚ್ ಹಿಡಿದಿದ್ದರು, ಅದನ್ನೂ ಆಗಾಗ ಬೇರೆ ಕಡೆಗೆ.

ಮೊದಲ ಬಿಯರು ಚಿನ್ನದಂತೆ ಬಂತು. ಯುಗಾದಿ ಕಳೆದ ಮೇಲಿನ ಒಂದು ಶನಿವಾರ ನಾಲ್ಕಾರು ಮನೆಯವರನ್ನು ಊಟಕ್ಕೆ ಕರೆದೆವು. ನಾನು ಅಡುಗೆಮನೆಯಲ್ಲಿ ಗೋಳಿಬಜೆ ಕರಿಯುತ್ತಿದ್ದೆ. ಹೊರಗೆ ಗಂಡನ ಗೆಳೆಯ, ವಾಲ್‌ಡಾರ್ಫ್‌ನಲ್ಲಿ ಕೆಲಸದಲ್ಲಿರುವ ಮೈಸೂರಿನವನು, ಮೊದಲ ಗುಟುಕಿಗೇ ಕೂಗಿಕೊಂಡ.

"ಗುರು! ಏನ್ ಗುರು ಇದು! ಅಂಗಡಿ ಬಿಯರ್ ಇದರ ಮುಂದೆ ನಿಲ್ಲಲ್ಲ. ಯಾವಾಗ ಕಲ್ತೆ ಮಗಾ ಇದನ್ನ?"

ನಾನು ಸೌಟು ಹಿಡಿದು ಬಾಗಿಲಿಗೆ ಬಂದು ನಿಂತೆ. ಗಂಡ ನನ್ನನ್ನು ನೋಡಿದರು, ಗೆಳೆಯನನ್ನು ನೋಡಿದರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಒಂದು ನಗು ನಕ್ಕರು. "ಹೀಗೇ, ಸ್ವಲ್ಪ ಸ್ವಲ್ಪ" ಎಂದರು.

ಬಂದವರು ಹೋದ ಮೇಲೆ ನಾನು ಗಂಡನನ್ನು ಹಾಗೇ ಬಿಡಲಿಲ್ಲ.

"ನಾನು ಎಂತ ಮಾಡುದು ಮಾರಾಯ್ತಿ? ನಾನೇ ಮಾಡಿದ್ದು ಅಂತ ಒಂದು ಸಲ ಆದ್ರೂ ಹೇಳಿದ್ದೇನಾ?"

"ಅಲ್ಲ ಅಂತಲೂ ಹೇಳ್ಲಿಲ್ಲ ಅಲ್ವಾ?"

"ಹೆಂಗಸು ಮನೇಲಿ ಬಿಯರ್ ಮಾಡ್ತಾಳೆ ಅಂದ್ರೆ ಅವರೆಲ್ಲ ಎಂತ ಅಂದ್ಕೊಳ್ತಾರೆ? ನಿನ್ನ ಒಳ್ಳೇದಕ್ಕೇ ಸುಮ್ಮನಿದ್ದದ್ದು."

ನನ್ನ ಒಳ್ಳೆಯದು! ನನ್ನ ಬೆವರಿನ ಹೊಗಳಿಕೆಯನ್ನು ಕುಳಿತಲ್ಲೇ ಕಿಸೆಗೆ ಹಾಕಿಕೊಂಡು, ಅದು ನನಗೆ ಮಾಡಿದ ಉಪಕಾರವಂತೆ. ಎರಡು ದಿನ ಮಾತು ಬಿಟ್ಟೆ. ಕೊನೆಗೆ ಅವರೇ ಸೋತು, ಬೇಸಿಗೆಯಲ್ಲಿ ಕಟ್ಟಡದ ಹಿಂದಿನ ತೋಟದಲ್ಲಿ ಗ್ರಿಲ್ ಪಾರ್ಟಿ ಇಟ್ಟುಕೊಂಡಾಗ, ಇವಳೇ ಮಾಡಿದ್ದು ಎಂದು ಎಲ್ಲರ ಎದುರು ತಾವೇ ಹೇಳುವುದಾಗಿ ಮಾತು ಕೊಟ್ಟರು. ನನಗೆ ಬೇಕಾದದ್ದು ಅಷ್ಟೇ. ಹಾರ ಬೇಡ, ಶಾಲು ಬೇಡ. ಆ ಒಂದು ವಾಕ್ಯ, ಅವರ ಬಾಯಿಂದ, ಎಲ್ಲರ ಎದುರು.

ಗ್ರಿಲ್ಲಿಗೆಂದು ಹೊಸ ಬಿಯರು ಹಾಕಿದೆ. ಹುದುಗು ನಿಂತ ಮೇಲೆ ಪರಿಮಳಕ್ಕೆ ಇನ್ನಷ್ಟು ಹಾಪ್ಸ್ ಹಾಕಲು ಮುಚ್ಚಳ ತೆಗೆದು ಮತ್ತೆ ಹಾಕುವಾಗ, ಮುಚ್ಚಳದ ರಬ್ಬರ್ ರಿಂಗ್ ಸಿಕ್ಕಿಕೊಂಡು ಹರಿಯಿತು. ಸಿಲಿಂಡರಿನಿಂದ ಮತ್ತೆ ಗ್ಯಾಸ್ ತುಂಬಿಸಿದರೆ ಸಣ್ಣಗೆ ಸುಯ್ ಎಂದು ಸೋರತೊಡಗಿತು. ಆಫೀಸಿನಲ್ಲಿ ತಪ್ಪಿಸಿಕೊಳ್ಳಲಾಗದ ಮೀಟಿಂಗ್. "ಕೆಲ್ಲರ್‌ನಲ್ಲಿ ಡಬ್ಬದೊಳಗೆ ಹೊಸ ರಿಂಗ್ ಉಂಟು, ಕೈ ತೊಳ್ಕೊಂಡು ಹಾಕಿ, ಮತ್ತೆ ಗ್ಯಾಸ್ ತುಂಬ್ಸಿ" ಎಂದು ಗಂಡನಿಗೆ ಹೇಳಿ ಕಾರು ಹತ್ತಿದೆ. ಸಂಜೆ ಬಂದು ನೋಡಿದರೆ ಸದ್ದಿಲ್ಲ, ಒತ್ತಡ ತೋರಿಸುವ ಮುಳ್ಳು ಕದಲದೆ ನಿಂತಿತ್ತು. ಪಾಪ, ಹೇಳಿದ್ದನ್ನು ಮಾಡಿದ್ದಾರೆ ಎಂದು ಖುಷಿಯಿಂದ ಅವರಿಗೆ ಚಹಾ ಮಾಡಿಕೊಟ್ಟೆ. ಪಾತ್ರೆಯನ್ನು ಕೆಲ್ಲರ್‌ನ ಹಳೇ ಫ್ರಿಜ್ಜಿಗೆ ಸೇರಿಸಿ, ಗ್ರಿಲ್ಲಿನ ದಿನದವರೆಗೆ ನಲ್ಲಿ ಮುಟ್ಟಲಿಲ್ಲ. ತಣ್ಣಗೆ, ಅಲುಗದೆ ಕೂತಷ್ಟೂ ಬಿಯರು ತಿಳಿಯಾಗುತ್ತದೆ.

ಗ್ರಿಲ್ಲಿನ ದಿನ ಒಳ್ಳೆಯ ಬಿಸಿಲಿತ್ತು. ಮೈಸೂರಿನ ಗೆಳೆಯ ಎಲ್ಲರಿಗಿಂತ ಮೊದಲು ಗ್ಲಾಸು ಹಿಡಿದು ನಿಂತ. ಬಣ್ಣ, ನೊರೆ ಎರಡೂ ಸೊಗಸಾಗಿದ್ದವು. ಆತ ಒಂದು ಗುಟುಕು ಕುಡಿದ, ನಿಂತ, ಗ್ಲಾಸನ್ನು ಮೂಗಿಗೆ ಹಿಡಿದ.

"ಮಗಾ, ಇದರಲ್ಲಿ ಇಂಗಿನ ವಾಸನೆ ಬರ್ತಿದೆ ಕಣೋ!"

ನಾನೂ ಕುಡಿದು ನೋಡಿದೆ. ಇಂಗು ಮಾತ್ರವೇ? ಸಾಂಬಾರು ಪುಡಿ, ಬೆಂದ ಬೇಳೆ, ಬೆಳ್ಳುಳ್ಳಿ, ಎಲ್ಲ ಇತ್ತು. ಒಬ್ಬೊಬ್ಬರಾಗಿ ಮೂಸಿ ನೋಡಿ ಮುಖ ಸಿಂಡರಿಸಿದರು. ಆಗ ನನ್ನ ಗಂಡ ಎರಡೂ ಕೈ ಮೇಲೆತ್ತಿದರು.

"ನನ್ನನ್ನು ನೋಡ್ಬೇಡ ಮಾರಾಯ. ಬಿಯರ್ ಮಾಡುದು ಇವಳು. ಮೊದಲಿಂದಲೂ ಇವಳೇ."

ಕೊಟ್ಟ ಮಾತು ಉಳಿಸಿಕೊಂಡರು, ಪುಣ್ಯಾತ್ಮರು! ಎಲ್ಲರೂ ನನ್ನ ಕಡೆ ತಿರುಗಿದರು.

"ಓ, ಅದಕ್ಕೇ!" ಎಂದ ಗೆಳೆಯ. "ಅತ್ತಿಗೆ, ಒಗ್ಗರಣೆ ಬೇರೆ ಹಾಕ್ಬಿಟ್ರಾ?"

ತೋಟ ತುಂಬ ನಗು. ನಾನು ತೋಟಕ್ಕೆ ತಂದಿಟ್ಟಿದ್ದ ಪಾತ್ರೆಯ ಬಳಿ ಹೋಗಿ ವಾಲ್ವ್ ಎಳೆದು ಗಾಳಿ ಪೂರ್ತಿ ಬಿಟ್ಟೆ, ಮುಚ್ಚಳ ತೆಗೆದೆ. ಒಳಗಿದ್ದದ್ದು ನಾನು ಹೇಳಿದ ಹೊಸ ರಿಂಗಲ್ಲ. ಅರಶಿನ ಹಿಡಿದು ಹಳದಿಯಾದ, ನಮ್ಮ ಹಳೇ ಕುಕ್ಕರಿನ ರಿಂಗು. ಊರಿನಿಂದ ತಂದದ್ದು, ವರ್ಷಗಟ್ಟಲೆ ದಿನಾ ಬೇಳೆ ಬೇಯಿಸಿದ್ದು.

"ಇದು ಎಂತ ಮಾರಾಯ್ರೆ?"

"ಡಬ್ಬ ಸಿಗ್ಲಿಲ್ಲ. ಇದು ಸರೀ ಕೂತ್ಕೊಂಡಿತು. ಸೋಪು ಹಾಕಿ ತೊಳ್ದೇ ಹಾಕಿದ್ದು."

ನಾನು ರಿಂಗನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. "ಕೇಳಿ," ಎಂದೆ. "ಬಿಯರ್ ನಾನೇ ಮಾಡಿದ್ದು. ಕಳೆದ ಸಲ ನೀವೆಲ್ಲ ಹೊಗಳಿದ್ದೂ ನಾನು ಮಾಡಿದ್ದೇ. ಈ ಕುಕ್ಕರ್ ರಿಂಗ್ ಮಾತ್ರ ಇವರದ್ದು."

ಮೈಸೂರಿನ ಗೆಳೆಯ ನನ್ನ ಕೈಯಿಂದ ರಿಂಗನ್ನು ತೆಗೆದುಕೊಂಡು ಹಿಗ್ಗಿಸಿ ನೋಡಿದ. ಕಣ್ಣರಳಿಸಿ ನನ್ನ ಗಂಡನ ಕಡೆ ತಿರುಗಿದ.

"ಗುರು, ಕುಕ್ಕರ್ ರಿಂಗ್ ಇಷ್ಟು ಪ್ರೆಷರ್ ತಡ್ಕೊಂಡು ಲೀಕ್ ಆಗ್ಲಿಲ್ವಾ? ಏನ್ ತಲೆ ಗುರು ನಿಂದು!"

ಉಳಿದ ಗಂಡಸರೂ ಗ್ಲಾಸು ಕೆಳಗಿಟ್ಟು ಸುತ್ತ ನೆರೆದರು. ರಿಂಗು ಕೈಯಿಂದ ಕೈಗೆ ಹೋಯಿತು. ನಾನು ತೆರೆದ ಪಾತ್ರೆಯ ಪಕ್ಕದಲ್ಲಿ ಒಬ್ಬಳೇ ನಿಂತಿದ್ದೆ. ಒಂದು ಬಾರ್ ಒತ್ತಡ ಸಾಕು, ಕುಕ್ಕರಿನೊಳಗೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎಂದು ನನ್ನ ಗಂಡ ಅವರಿಗೆಲ್ಲ ವಿವರಿಸುತ್ತಿದ್ದರು. ಅದನ್ನು ಅವರಿಗೆ ಹೇಳಿಕೊಟ್ಟವಳು ನಾನು.